ಸೋತವಳ ಹೆಸರಿನ ತುತ್ತು

ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ನನ್ನ ತುಟಿಯ ಹತ್ತಿರ ತುತ್ತು ಹಿಡಿದು ನಿಂತಿದ್ದರು. ನಾವಿರುವ ಮಿಲ್ಟನ್ ಊರಿನ ಪುಟ್ಟ ಇಥಿಯೋಪಿಯನ್ ಹೋಟೆಲಿನ ಒಡತಿ ಅವರು. ನಾನೂ ಮಗಳೂ ಮೊದಲ ಸಲ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಆಗಷ್ಟೇ ಟಿವಿಯಲ್ಲಿ ಅವರ ದೇಶದ ಹೆಸರಾಂತ ಓಟಗಾರ್ತಿಯೊಬ್ಬಳ ಸಾವಿರದೈನೂರು ಮೀಟರ್ ಓಟ ಮುಗಿದಿತ್ತು. ಇಡೀ ಹೋಟೆಲು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಗೆದ್ದಳೆಂದುಕೊಂಡು ನಾನು "ಕಂಗ್ರಾಜುಲೇಶನ್ಸ್" ಅಂದುಬಿಟ್ಟೆ.

ಒಡತಿ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು: "ಇಲ್ಲಮ್ಮ, ಎಲ್ಲರಿಗಿಂತ ಕೊನೆಗೆ ಬಂದಳು. ಇದೇ ಅವಳ ಕಡೇ ಓಟ. ಗೆದ್ದಾಗೆಲ್ಲ ಅವಳ ಹೆಸರಲ್ಲಿ ಒಬ್ಬರಿಗೊಬ್ಬರು ತಿನ್ನಿಸಿದೀವಿ. ಸೋತ ದಿನ ಬಿಟ್ಟುಬಿಡೋಕಾಗುತ್ತಾ?"

ಪ್ರೀತಿಗೆ ಕೈತುತ್ತು ಕೊಡುವುದು ಅವರ ಪದ್ಧತಿಯಂತೆ. ಬಾಯಿ ತೆರೆದೆ. ಹುಳಿ ದೋಸೆಯಂಥ ಇಂಜೆರಾದಲ್ಲಿ ಸುತ್ತಿದ ಖಾರದ ಬೇಳೆ. ನನಗೆ ಯಾರಾದರೂ ತಿನ್ನಿಸಿ ಎಷ್ಟು ವರ್ಷವಾಗಿತ್ತೋ, ಕಣ್ಣು ತುಂಬಿ ಬಂತು. ನೆಪವನ್ನು ಖಾರದ ಮೇಲೆ ಹಾಕಿದೆ.

"ಅಮ್ಮಾ, ಶಿ ಈಸ್ ಫೀಡಿಂಗ್ ಯು!" ಎಂದು ಮಗಳು ಕಿಸಕ್ಕನೆ ನಕ್ಕಳು.

"ಸುಮ್ಮನಿರವಾ, ನಿನ್ನ ಪಾಳಿನೂ ಬರ್ತದ" ಅಂದೆ.

ಬಂತು. ಕಳೆದ ವಾರ ಈಜಿನ ಸ್ಪರ್ಧೆಯಲ್ಲಿ ಕೊನೆಯವಳಾಗಿ ಬಂದ ಮಗಳು, ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಚಪಾತಿ ಹರಿದು, ಪಲ್ಯ ಸುತ್ತಿ ಅವಳ ಬಾಯಿಯ ಹತ್ತಿರ ಹಿಡಿದೆ. ತಿನ್ನಿಸಹೋದರೆ ಸಿಡುಕುವ ಹುಡುಗಿ, ಅಪರೂಪಕ್ಕೆ ಕನ್ನಡದಲ್ಲಿ "ಲಾಸ್ಟ್ ಬಂದಿದ್ದಕ್ಕಾ?" ಎಂದು ಕೇಳಿ, ಬಾಯಿ ತೆರೆದಳು.