ಹೊಗೆಗೆಂದು ಅಂಟಿಸಿದ ಹತ್ತಿ

ಸೆವ್ರಿನ್ ಬಾಯಿ, ಪರದೆಯ ಮೇಲೆ ನೀವು ಕಂಡ ವಿಮಾನ ನಿಮ್ಮ ಗಂಡನದ್ದಲ್ಲ. ಅದು ನಾನು ಕೆತ್ತಿದ ಗೇಣುದ್ದದ ಮರದ ವಿಮಾನ. ಎಂಟು ವರ್ಷ ನಿಮಗೆ ಸುಳ್ಳು ಹೇಳಿದ್ದೇನೆ — ಬಾಯಿ ಬಿಟ್ಟು ಹೇಳಿದ್ದು ಒಂದೇ ಸಲ, ಉಳಿದದ್ದೆಲ್ಲ ಬಾಯಿ ಮುಚ್ಚಿಕೊಂಡು.

ಹಳೆಯ ಯುದ್ಧದ ಸಿನಿಮಾಗಳಲ್ಲಿ ವಿಮಾನಗಳನ್ನು ಹೇಗೆ ಹಾರಿಸಿ, ಹೇಗೆ ಬೀಳಿಸುತ್ತಿದ್ದರೆಂದು ಮಣಿಪಾಲದಲ್ಲಿ ಪಾಠ ಮಾಡುವವನು ನಾನು. ನಮ್ಮ ಕರಾವಳಿಯ ಯೋಧರ ಸಾಕ್ಷ್ಯಚಿತ್ರಕ್ಕೂ ಅದೇ ವಿದ್ಯೆ ಬಳಸಿದೆ. ದೊಡ್ಡ ಗಾಜಿನ ಮೇಲರ್ಧಕ್ಕೆ ಮೋಡ ಬರೆದು, ಕೆಳಗರ್ಧ ಬರಿದೇ ಬಿಟ್ಟೆ — ಅದರ ಮೂಲಕ ಕಾಪುವಿನ ನಿಜವಾದ ಕಡಲು ಕಾಣುತ್ತಿತ್ತು. ಗಾಜಿನ ಮುಂದೆ ಗಾಳದ ದಾರಕ್ಕೆ ಕಟ್ಟಿದ ವಿಮಾನ. ಬಾಲಕ್ಕೆ ಹೊಗೆಯೆಂದು ಹತ್ತಿ. ಬೀಳಿಸುವಾಗ ಹತ್ತಿಯ ಒಂದು ಚೂರು ಕಳಚಿ ಗಾಳಿಯಲ್ಲಿ ಮೆಲ್ಲಗೆ ಇಳಿಯಿತು. ತಪ್ಪೆಂದು ಗೊತ್ತಾಯಿತು. ಚೆಂದ ಕಂಡಿತು, ಉಳಿಸಿಕೊಂಡೆ.

ಆ ಕೆಲಸಕ್ಕೆ ಕ್ಷಮೆ ಕೇಳುವುದಿಲ್ಲ, ಅದರ ಹೆಮ್ಮೆ ಈಗಲೂ ಇದೆ. ಹಳೆಯ ರೀಲಿನಂತೆ ಕಾಣಲೆಂದು ಕಪ್ಪು-ಬಿಳುಪು ಮಾಡಿ ಗೀರು ಎಳೆದವನು, ಇದು ಮಾದರಿ ವಿಮಾನ ಎಂದು ಕೆಳಗೊಂದು ಸಾಲು ಬರೆಯಲಿಲ್ಲ — ಅದು ಸೊಕ್ಕು.

ಉಡುಪಿಯ ಪ್ರದರ್ಶನ ಮುಗಿದ ಮೇಲೆ ನೀವು ನನ್ನ ಕೈ ಹಿಡಿದುಕೊಂಡಿರಿ. ನಿಮ್ಮವರ ವಿಮಾನ ಯುದ್ಧದಲ್ಲಿ ಕಡಲಿಗೆ ಬಿದ್ದದ್ದು, ದೇಹ ಸಿಗದೇ ಹೋದದ್ದು ನನಗೆ ಗೊತ್ತಿತ್ತು. ಅದನ್ನು ನಿಮ್ಮ ಬಾಯಿಂದಲೇ ಕೇಳಿ ಚಿತ್ರೀಕರಿಸಿಕೊಂಡಿದ್ದೆ.

“ಬಿಳಿ ಎಂತದೋ ಇಳಿಯಿತಲ್ಲ ಮಗಾ, ಅದು ಪ್ಯಾರಾಚೂಟ್ ಅಲ್ವಾ? ಇವರು ಹಾರಿದ್ದಾರೆ ಅಲ್ವಾ?”

“ಹೌದು ಬಾಯಿ.”

ಯಾಕೆ ಹಾಗೆಂದೆ — ನಿಮ್ಮ ಮೇಲಿನ ಕನಿಕರಕ್ಕೆ? ಅಲ್ಲ. ನನ್ನ ಕೈಕೆಲಸವನ್ನು ನಿಜವೆಂದು ನಂಬಿದಿರಲ್ಲ, ಆ ಖುಷಿಗೆ.

ನಿಮ್ಮವರ ಆತ್ಮಶಾಂತಿಗೆ ಉದ್ಯಾವರದ ಇಗರ್ಜಿಯಲ್ಲಿ ವರ್ಷವರ್ಷ ಕೊಡಿಸುತ್ತಿದ್ದ ಬಲಿಪೂಜೆಯನ್ನು ನೀವು ಅಂದಿನಿಂದ ನಿಲ್ಲಿಸಿದ್ದೀರಿ. ಬದುಕಿರುವವರಿಗೆ ಯಾಕೆ ಎಂದಿರಂತೆ. ಮೊನ್ನೆ ಅವರ ಅಳತೆಯ ಚಪ್ಪಲಿಯನ್ನೂ ತಂದಿಟ್ಟಿದ್ದೀರೆಂದು ನಿಮ್ಮ ಮಗಳು ಹೇಳಿದಳು. ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದ ಕಾರ್ಕಳದ ಗೆಳೆಯ ನನ್ನನ್ನು ತಡೆಯುತ್ತಾನೆ. “ಈಗ ಎಂತಕ್ಕೆ ಮಾರಾಯ? ಅವರಿಗೊಂದು ಸಮಾಧಾನ ಉಂಟು, ಬಿಡು.”

ಬಿಡುವುದಿಲ್ಲ. ಆ ಸಮಾಧಾನ ಹಂಚಲು ನಾನು ಯಾರು? ನಿಮ್ಮ ದುಃಖ ನಿಮ್ಮದು, ಅದನ್ನು ಕಿತ್ತುಕೊಂಡವನು ನಾನು —

ಭಾನುವಾರ ಬರುತ್ತೇನೆ. ಇದನ್ನು ಓದಿ ನೀವು ಬಾಗಿಲು ಹಾಕಿಕೊಂಡರೆ ಅಂಗಳದಲ್ಲಿ ನಿಂತೇ ಹೇಳುತ್ತೇನೆ. ಅವರು ಹಾರಿದರೇ ಎಂದು ಇನ್ನೊಮ್ಮೆ ಕೇಳಿ, ಬಾಯಿ. ಈ ಸಲ ಗೊತ್ತಿಲ್ಲ ಎನ್ನುತ್ತೇನೆ.