ಬಾಗಿಲಲ್ಲಿರುವ ಗಂಡಸಿನ ಬೂಟು

"ಏನ್ ಮೇಡಂ, ಮೇಲೆ ಯಾರೋ ಗಂಡಸರು ಬಂದು ಉಳ್ಕೊಂಡಿರೋ ಹಾಗಿದೆ?"

ಕಳೆದ ಭಾನುವಾರ ಬೆಳಗ್ಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮನೆ ಓನರ್ ಸರೋಜಮ್ಮ ಅಡ್ಡ ನಿಂತು ಹೀಗೆ ಕೇಳಿದರು. ಅವರ ಹಿಂದೆ ಯಜಮಾನರು ಪೇಪರ್ ಓದುವವರ ಹಾಗೆ ನಿಂತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ.

ಕಗ್ಗದಾಸಪುರದ ಈ ಮನೆಯಲ್ಲಿ ಕೆಳಗೆ ಅವರು, ಮೇಲೆ ನಾನು. ನಾನು ಒಬ್ಬಳೇ. ಐವತ್ತು ದಾಟಿದವಳು, ಮದುವೆಯಾಗದವಳು, ಕಾಲೇಜಿನಲ್ಲಿ ಪಾಠ ಮಾಡುವವಳು. (ಈ ಅಂಕಣದ ಹಳೆಯ ಓದುಗರಿಗೆ ಇದೆಲ್ಲ ಗೊತ್ತಿರುವುದೇ. ಹೊಸಬರಿಗಾಗಿ ಹೇಳಿದೆ.) ನನ್ನ ಮನೆಗೆ ಗಂಡಸರು ಅಂತ ಬರುವವರು ಗ್ಯಾಸ್ ಸಿಲಿಂಡರ್‌ನವರು, ನೀರಿನ ಫಿಲ್ಟರ್ ಸರ್ವಿಸ್‌ನವರು. ಅವರಂತೂ ಉಳಿದುಕೊಳ್ಳುವುದಿಲ್ಲ.

"ಯಾರೂ ಇಲ್ವಲ್ಲ ಆಂಟಿ," ಎಂದೆ.

"ಬಾಗಿಲಲ್ಲಿ ಬೂಟಿದೆ."

"ಗಂಡಸರ ಶೂ ಮೊದ್ಲಿಂದಾನೂ ಇದೆಯಲ್ಲ?"

"ಅದು ನಿಮ್ಮಮ್ಮ ಇಟ್ಟು ಹೋಗಿದ್ದು, ನಂಗ್ ಗೊತ್ತಿಲ್ವಾ? ಅದು ಇಟ್ಟ ಜಾಗ ಬಿಟ್ಟು ಕದಲಿದ್ದೇ ಇಲ್ಲ. ಈ ಬೂಟು ಹಾಗಲ್ಲ. ದಿನಾ ಹೋಗುತ್ತೆ, ಬರುತ್ತೆ. ನಿನ್ನೆ ಮಣ್ಣಾಗಿತ್ತು. ಬೆಳಗ್ಗೆ ಬೆಳಗ್ಗೆ ಟೆರೇಸ್ ಮೇಲೆ ದಬ ದಬ ಅಂತ ಸದ್ದು ಬೇರೆ. ಮನೆ ಕೊಡುವಾಗ ನಾವೇನ್ ಮಾತಾಡಿದ್ವಿ ಮೇಡಂ?"

ಏನೇ ಹೇಳಿ, ಪತ್ತೇದಾರಿಕೆಯಲ್ಲಿ ಸರೋಜಮ್ಮನವರನ್ನು ಮೀರಿಸುವವರಿಲ್ಲ. ಸಾಕ್ಷಿಗಳೆಲ್ಲ ಸರಿ. ತೀರ್ಪು ಮಾತ್ರ ತಪ್ಪು.

ಮೊದಲು ಆ ಹಳೆಯ ಶೂ ವಿಷಯ ಹೇಳಿಬಿಡುತ್ತೇನೆ. ನಾನು ಈ ಮನೆಗೆ ಬಂದು ಹಾಲುಕ್ಕಿಸಿದ ದಿನ ಅಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದರು. ಅದರಲ್ಲಿ ನನ್ನ ತಮ್ಮನ ಹಳೆಯ ಆಫೀಸ್ ಶೂ ಇತ್ತು. ದೇವರ ಫೋಟೋ ಗೋಡೆಗೆ ಏರುವ ಮೊದಲೇ ಆ ಶೂ ಬಾಗಿಲ ಪಕ್ಕದಲ್ಲಿ ಜಾಗ ಹಿಡಿಯಿತು. "ಒಂಟಿ ಹೆಂಗಸಿನ ಮನೆ ಅಂತ ಕಂಡೋರಿಗೆ ಗೊತ್ತಾಗ್ಬಾರ್ದು," ಎಂದರು ಅಮ್ಮ. ಒಂಟಿಯಾಗಿರುವ ನನ್ನ ಓದುಗ ಗೆಳತಿಯರೇ, ನಿಮ್ಮ ಬಾಗಿಲಲ್ಲೂ ಇಂಥದ್ದೊಂದು ಜೋಡಿ ಇದೆಯಲ್ಲವೇ? ಕೊರಿಯರ್ ತಂದವರು ನೋಡಲಿ, ಚಂದಾ ಕೇಳಲು ಬಂದವರು ನೋಡಲಿ ಎಂದು ಇಟ್ಟದ್ದು?

ನನ್ನ ಮನೆಯ ಆ ಕಾವಲುಗಾರ ವರ್ಷಗಟ್ಟಲೆ ದೂಳು ತಿನ್ನುತ್ತ ಕೂತಿದ್ದ. ಅವನ ಬಲಗಾಲಿನೊಳಗೆ ಜೇಡವೊಂದು ಸಂಸಾರ ಹೂಡಿತ್ತು. ಅವನ ಸೈಜು ಎಂಟು.

ನನ್ನ ಸೈಜೂ ಎಂಟೇ. ಅದೂ ಗಂಡಸರ ಎಂಟು.

ಇದು ನನ್ನ ಬದುಕಿನ ದೊಡ್ಡ ಸಂಕಟ. ನಗಬೇಡಿ. ಲೇಡೀಸ್ ಸೆಕ್ಷನ್‌ನಲ್ಲಿ ನನ್ನ ಪಾದ ಕಂಡ ತಕ್ಷಣ ಸೇಲ್ಸ್ ಹುಡುಗಿಯರ ಮುಖ ಸಪ್ಪಗಾಗುತ್ತದೆ. "ನಿಮ್ ಸೈಜ್ ಬರಲ್ಲ ಮೇಡಂ" ಎನ್ನುತ್ತಾರೆ. ಬರದಿದ್ದ ಮೇಲೆ ಏನು ಮಾಡುವುದು? ಬಂದಷ್ಟರಲ್ಲೇ ಕಾಲು ತುರುಕಿಕೊಂಡೆ. ಚಪ್ಪಲಿಯಾದರೆ ಹಿಮ್ಮಡಿ ಹೊರಗೆ, ಶೂ ಆದರೆ ಬೆರಳು ಮಡಚಿ ಒಳಗೆ. ಹಾಗೇ ದಿನವಿಡೀ ಬೋರ್ಡಿನ ಮುಂದೆ ನಿಂತು ಪಾಠ ಮಾಡಿದೆ.

ಹಲಸೂರಿನ ನಮ್ಮ ಹಳೆಯ ಮನೆಯಲ್ಲಿ ನನ್ನನ್ನು ನೋಡಲು ಗಂಡಿನವರು ಬಂದಾಗಲೆಲ್ಲ ಚಿಕ್ಕಮ್ಮ ಕಿವಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು. "ಕೂತ್ಕೊಂಡ ತಕ್ಷಣ ಸೀರೆ ಕೆಳಗೆ ಎಳ್ಕೋ. ಕಾಲು ಕಾಣ್ಬಾರ್ದು." ಕಾಫಿ ಲೋಟ ಕೊಟ್ಟು, ಕೂತು, ಸೀರೆ ಎಳೆದುಕೊಳ್ಳುತ್ತಿದ್ದೆ. ಆಗ ತುಂಬಾ ನಾಚಿಕೆಯಾಗುತ್ತಿತ್ತು. ಮದುವೆ ಆಗದೇ ಇದ್ದದ್ದಕ್ಕೆ ಬೇರೆ ಕಾರಣಗಳಿದ್ದವು, ಅದರ ಬಗ್ಗೆ ನನಗೆ ಬೇಸರವೂ ಇಲ್ಲ. ಆದರೆ ಸೀರೆ ಎಳೆದುಕೊಳ್ಳುವ ಚಾಳಿ ಮಾತ್ರ ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತರೂ ಕೈ ತಾನಾಗಿ ನೆರಿಗೆಯ ಕಡೆ ಹೋಗುತ್ತಿತ್ತು.

ನಾನು ನಡೆಯುವುದನ್ನು ಇಷ್ಟಪಡುವವಳು. ಹಲಸೂರಿನಿಂದ ಶಿವಾಜಿನಗರಕ್ಕೆ ಬಸ್ಸು ಬರುವುದರೊಳಗೆ ನಡೆದೇ ಹೋಗುತ್ತಿದ್ದವಳು. ಈಚೆಗೆ ಅದೂ ನಿಂತುಹೋಗಿತ್ತು. ಭಾನುವಾರ ಗೆಳತಿಯರೆಲ್ಲ ಹಲಸೂರು ಕೆರೆ ದಂಡೆಯಲ್ಲಿ ವಾಕಿಂಗ್ ಮಾಡುತ್ತಾರೆ. ನಾನೂ ಹೋಗುತ್ತಿದ್ದೆ. ಅವರು ನಡೆಯುತ್ತಿದ್ದರು, ನಾನು ಬೆಂಚಿನ ಮೇಲೆ ಕೂತು ಅವರ ಬ್ಯಾಗುಗಳನ್ನು ಕಾಯುತ್ತಿದ್ದೆ.

ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಒಂದರ ಮೇಲೊಂದು ಹತ್ತಿ ಕೂತಿದ್ದ ನನ್ನ ಬೆರಳುಗಳನ್ನು ನೋಡಿದರು. ಹೊರಗೆ ಬಿಟ್ಟಿದ್ದ ನನ್ನ ಶೂ ತರಿಸಿಕೊಂಡು ಅದನ್ನೂ ನೋಡಿದರು.

"ಕಾಲು ಚೆನ್ನಾಗೇ ಇದೆ ಮೇಡಂ. ತುರುಕ್ತಾ ಇರೋ ಜಾಗ ಸರಿ ಇಲ್ಲ. ಹೀಗೇ ಬಿಟ್ರೆ ಮುಂದೆ ನಡೆಯೋದೇ ಕಷ್ಟ ಆಗುತ್ತೆ. ಬೆರಳಿಗೆ ಜಾಗ ಇರ್ಬೇಕು, ಹಿಮ್ಮಡಿ ಅಲ್ಲಾಡ್ಬಾರ್ದು. ಲೇಸ್ ಕಟ್ಟೋ ಥರದ್ದು ತಗೊಳ್ಳಿ."

"ನನ್ ಸೈಜ್ ಸಿಗಲ್ಲ ಡಾಕ್ಟ್ರೇ."

"ಗಂಡಸರದ್ದು ತಗೊಳ್ಳಿ," ಎಂದು ಮುಂದಿನ ಪೇಷೆಂಟ್‌ಗೆ ಬೆಲ್ ಒತ್ತಿದರು. ಇಷ್ಟು ಸುಲಭವೇ?

ಒಂದು ಸ್ಪೋರ್ಟ್ಸ್ ಶೂ ಸಾಕಿತ್ತಲ್ಲ ಎನ್ನುತ್ತೀರಿ. ಸಾಕಿತ್ತು. ಆದರೆ ಕಮರ್ಷಿಯಲ್ ಸ್ಟ್ರೀಟ್ ಕಡೆ ಹೋದಾಗಲೆಲ್ಲ ಗಾಜಿನ ಹಿಂದಿರುವ ಚರ್ಮದ ಬೂಟುಗಳ ಮುಂದೆ ನಾನು ನಿಂತುಬಿಡುತ್ತಿದ್ದೆ. ಕಣಕಾಲಿನವರೆಗೆ ಏರಿ, ಲೇಸು ಬಿಗಿದು, ಎಲ್ಲಿಗಾದರೂ ಸರಿ ಹೊರಟೇ ಹೋಗುತ್ತೇನೆ ಎನ್ನುವ ಹಾಗೆ ನಿಂತಿರುವ ಬೂಟುಗಳು. ಡಾಕ್ಟರೇ ಗಂಡಸರದ್ದು ಎಂದ ಮೇಲೆ ಗಂಡಸರಲ್ಲೇ ಒಳ್ಳೆಯದನ್ನು ಯಾಕೆ ತೆಗೆದುಕೊಳ್ಳಬಾರದು?

ನನ್ನ ಜೊತೆ ಕೆಮಿಸ್ಟ್ರಿ ಪಾಠ ಮಾಡುವ, ಭಾನುವಾರದ ವಾಕಿಂಗ್ ಗುಂಪಿನಲ್ಲೂ ಇರುವ ಶಹನಾಜ್ ಫ್ರೇಜರ್ ಟೌನಿನವಳು. ಶಿವಾಜಿನಗರದ ಅಂಗಡಿಗಳೆಲ್ಲ ಅವಳಿಗೆ ನೆಂಟರ ಮನೆಯಿದ್ದ ಹಾಗೆ. ಅವಳನ್ನು ಜೊತೆ ಮಾಡಿಕೊಂಡು ಸಂಜೆ ಹೊರಟೆ. (ಶೂ ಕೊಳ್ಳುವುದಾದರೆ ಸಂಜೆಯೇ ಹೋಗಬೇಕು. ದಿನವಿಡೀ ನಿಂತ ಕಾಲು ಊದಿರುತ್ತದೆ, ಸುಳ್ಳು ಹೇಳುವುದಿಲ್ಲ.) ಬ್ಯಾಗಿನಲ್ಲಿ ದಪ್ಪ ಸಾಕ್ಸ್ ಕೂಡ ಇತ್ತು.

ಅಂಗಡಿಯ ರಫೀಕ್ ಭಾಯ್ ನಗುತ್ತಲೇ ಸ್ವಾಗತಿಸಿದರು. ಜೆಂಟ್ಸ್ ಬೂಟು ಬೇಕು ಎಂದೆ.

"ಸಾಬ್ ನಂಬರ್ ಎಷ್ಟು ಮೇಡಂ?"

"ಎಂಟು."

"ಪಾದ ಅಗ್ಲಾನಾ?"

"ಸ್ವಲ್ಪ ಅಗಲಾನೇ."

"ಸಾಬ್ದು ನಿಂತ್ಕೊಂಡ್ ಮಾಡೋ ಕೆಲ್ಸಾನಾ, ಕೂತ್ಕೊಂಡಾ?"

"ನಿಂತ್ಕೊಂಡೇ. ಪಾಠ ಮಾಡ್ತಾರೆ," ಎಂದುಬಿಟ್ಟೆ.

ಪಕ್ಕದಲ್ಲಿದ್ದ ಶಹನಾಜ್ ನನ್ನನ್ನು ಕಣ್ಣರಳಿಸಿ ನೋಡಿದಳು. ಎಲ್ಲೂ ಇಲ್ಲದ ಗಂಡನ ಪಾದವನ್ನು ನಾನು ಸಾಂಗವಾಗಿ ವರ್ಣಿಸುತ್ತಿದ್ದೆ. ನನಗೆ ಬೇಕು ಎಂಬ ಎರಡು ಪದ ನಾಲಿಗೆಗೆ ಬರಲೇ ಇಲ್ಲ.

"ಹಂಗಾದ್ರೆ ಸಾಬ್‌ನ ಕರ್ಕೊಂಡ್ ಬನ್ನಿ. ಕಾಲು ನೋಡ್ದೆ ಬೂಟು ಕೊಡಲ್ಲ ನಾನು. ಆಮೇಲೆ ಕಚ್ಚುತ್ತೆ ಅಂತ ವಾಪಸ್ ತರ್ತೀರ," ಎಂದರು ರಫೀಕ್ ಭಾಯ್.

ಶಹನಾಜಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಸಾಬ್ ನಕ್ಕೋ ಭಾಯ್, ಇನೋಕೂಚ್ ಹೋನಾ," ಎಂದಳು. ಸಾಹೇಬರೆಲ್ಲ ಬೇಡ, ಇವರಿಗೇ ಬೇಕಾಗಿರೋದು ಎಂದು.

ರಫೀಕ್ ಭಾಯ್ ನನ್ನ ಮುಖ ನೋಡಿದರು. ಆಮೇಲೆ ನೆಲದ ಕಡೆ ನೋಡಿದರು. ನನ್ನ ಕೈ ಎಂದಿನಂತೆ ಸೀರೆಯ ಕಡೆ ಹೋಯಿತು. ಆದರೆ ಅವತ್ತು ಕೆಳಗೆ ಎಳೆಯಲಿಲ್ಲ. ನೆರಿಗೆ ಮೇಲಕ್ಕೆ ಹಿಡಿದು ಕಾಲು ಮುಂದಿಟ್ಟೆ.

"ನೋಡಿ ಭಾಯ್. ಎಂಟು. ಅಗಲ. ನಿಂತ್ಕೊಂಡ್ ಕೆಲ್ಸ."

ವ್ಯಾಪಾರಿಯಲ್ಲವೇ, ಅವರು ಒಳಗೆ ಹೋಗಿ ಡಬ್ಬಗಳನ್ನು ತಂದರು.

ಮೊದಲನೆಯದು ಕಪ್ಪು, ಚೂಪು ಮೂತಿ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಹಾಕಿದೆ. ಕಿರುಬೆರಳು ಕೂಗಿಕೊಂಡಿತು. "ಟೈಟ್ ಇದೆ," ಎಂದೆ.

"ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಮೇಡಂ."

ಓದುಗರೇ, ಈ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ! ಶೂ ಅಂಗಡಿಯಲ್ಲಿ ಮಾತ್ರವಲ್ಲ. ಬ್ಲೌಸ್ ಹೊಲಿದವರು ಹೇಳಿದ್ದಾರೆ, ಬಾಗಿಲಿಲ್ಲದ ಟಾಯ್ಲೆಟ್ ತೋರಿಸಿದ ಮೊದಲ ಕಾಲೇಜಿನವರು ಹೇಳಿದ್ದಾರೆ, ಗೆಳತಿಯರಿಗೆ ಅವರ ಅತ್ತೆ ಮನೆಯ ಬಗ್ಗೆ ಅವರವರ ತಾಯಂದಿರೇ ಹೇಳಿದ್ದಾರೆ. ಹೋಗ್ತಾ ಹೋಗ್ತಾ ಸರಿ ಹೋಗುತ್ತಂತೆ. ಯಾವುದು ಸರಿ ಹೋಯಿತು? ಶೂ ಸಡಿಲವಾಗಲಿಲ್ಲ. ನನ್ನ ಬೆರಳು ಸೊಟ್ಟಗಾಯಿತು.

"ಸರಿ ಹೋಗೋದು ಬೇಡ ಭಾಯ್. ಇವತ್ತೇ ಸರಿ ಇರೋದು ಕೊಡಿ," ಎಂದೆ. ನನ್ನ ದನಿ ನನಗೇ ಹೊಸದೆನಿಸಿತು. ಕೊನೆ ಬೆಂಚಿನ ಹುಡುಗರಿಗೆ ಗದರುವಾಗ ಬರುವ ದನಿ ಅದು, ಅಲ್ಲಿಯವರೆಗೆ ನನಗಾಗಿ ಬಳಸಿರಲಿಲ್ಲ.

ಆಮೇಲೆ ನಾನೇ ಆರಿಸಲು ಶುರು ಮಾಡಿದೆ. ಹೆಬ್ಬೆರಳಿನಿಂದ ಒತ್ತಿದರೆ ಪ್ಲಾಸ್ಟಿಕ್ ಹಾಗೆ ಸುಮ್ಮನಿರುವುದು ಬೇಡ, ಸಣ್ಣ ಸುಕ್ಕು ಮೂಡಿ ಮಾಯವಾಗುವ ಚರ್ಮ ಬೇಕು. ಸೋಲ್ ಬರೀ ಅಂಟಿಸಿದ್ದು ಬೇಡ, ಅಂಚಿನಲ್ಲಿ ಹೊಲಿಗೆ ಕಾಣಬೇಕು. ಮುಂಭಾಗ ದುಂಡಗಿರಬೇಕು. ನಡೆದಾಗ ಹಿಮ್ಮಡಿ ಮೇಲೇಳಬಾರದು. ಡಬ್ಬಗಳು ತೆರೆದುಕೊಂಡವು, ಮುಚ್ಚಿಕೊಂಡವು. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು, ಎಲ್ಲ ಗಂಡಸರೇ, ತಮ್ಮ ಶೂ ಮರೆತು ನನ್ನ ಕಾಲನ್ನೇ ನೋಡುತ್ತಿದ್ದರು. ನೋಡಲಿ ಬಿಡಿ.

ಕೊನೆಗೆ ಬಂದಿತು ಅದು. ಗಾಢ ಕಂದು ಬಣ್ಣ, ಹೊಳಪು ಕಡಿಮೆ, ದಪ್ಪ ಚರ್ಮ. ಸಾಕ್ಸ್ ಹಾಕಿ ಕಾಲು ಇಳಿಸಿದೆ. ಲೇಸು ಒಂದೊಂದೇ ತೂತು ದಾಟಿಸಿ, ಎಳೆದು, ಗಂಟು ಹಾಕಿ ಎದ್ದು ನಿಂತೆ.

ಬೆರಳುಗಳು ಒಂದರ ಪಕ್ಕ ಒಂದು ಮಲಗಿಕೊಂಡವು. ಅಷ್ಟೇ. ನಿಮಗೆ ಇದು ದಿನನಿತ್ಯದ ವಿಷಯವಿರಬಹುದು. ನನಗೆ ಕಣ್ಣು ತುಂಬಿ ಬಂತು. ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ನಡೆದೆ, ಬೀದಿಯ ಮೆಟ್ಟಿಲು ಇಳಿದು ಹತ್ತಿದೆ. ಹಿಮ್ಮಡಿ ಕದಲಲಿಲ್ಲ.

"ಸೀರೆ ಕೆಳಗೆ ಚೆನ್ನಾಗಿ ಕಾಣುತ್ತೆ ಮೇಡಂ," ಎಂದರು ರಫೀಕ್ ಭಾಯ್. ವ್ಯಾಪಾರದ ಮಾತೇ ಇರಬಹುದು. ನಾನು ನಿಜವೆಂದೇ ತೆಗೆದುಕೊಂಡೆ. ಬೆಲೆ ಮಾತ್ರ ಕೇಳಬೇಡಿ, ಅದನ್ನು ಕೇಳಿದ ಶಹನಾಜ್‌ಗೆ ಚೇತರಿಸಿಕೊಳ್ಳಲು ಅವಳ ಬಡಾವಣೆಯ ಮಾಸ್ಕ್ ರೋಡಿನ ಚಹಾ ಬೇಕಾಯಿತು.

ಒಳ್ಳೆಯ ಚರ್ಮದ ಬೂಟನ್ನು ಒಂದಷ್ಟು ದಿನ ಮೆಲ್ಲಗೆ ಪಳಗಿಸಬೇಕಂತೆ. ಮನೆಯೊಳಗೆ ಹಾಕಿಕೊಂಡು ಓಡಾಡಿ ಎನ್ನುತ್ತವೆ ವಿಡಿಯೋಗಳು. ಮನೆಯೊಳಗಾ? ಬಾಡಿಗೆ ಮನೆಯಾದರೂ ಹೊಸ್ತಿಲು ಹೊಸ್ತಿಲೇ. ಅದು ನನ್ನಿಂದಾಗದು. ಹಾಗಾಗಿ ಬಾಗಿಲಾಚೆ ಹಾಕಿಕೊಂಡು ಬೆಳಗ್ಗೆ ಟೆರೇಸ್ ಮೇಲೆ, ಸಂಜೆ ಪಕ್ಕದ ಖಾಲಿ ಸೈಟಿನ ಸುತ್ತ. ವಾಪಸ್ ಬಂದು ಬಾಗಿಲಲ್ಲೇ ಬಿಡುವುದು, ತಮ್ಮನ ಹಳೆಯ ಶೂ ಪಕ್ಕ. ಸರೋಜಮ್ಮನವರ ದಬ ದಬ, ಮಣ್ಣು, ಹೋಗುವುದು ಬರುವುದು ಎಲ್ಲ ಇದೇ.

ಈಗ ಮತ್ತೆ ಭಾನುವಾರದ ಮೆಟ್ಟಿಲಿಗೆ ಬನ್ನಿ.

"ಬನ್ನಿ ಆಂಟಿ, ಅವರನ್ನ ತೋರಿಸ್ತೀನಿ," ಎಂದು ದಂಪತಿಯನ್ನು ಮೇಲೆ ಕರೆದುಕೊಂಡು ಹೋದೆ. ಹಾಲು ಒಳಗಿಟ್ಟು ಬಂದೆ. ಹೊಸ್ತಿಲ ಮೇಲೆ ಕೂರಬಾರದೆಂದು ಮೆಟ್ಟಿಲ ಮೇಲೆ ಕೂತೆ. ಸಾಕ್ಸ್ ಏರಿಸಿದೆ. ಬೂಟಿನೊಳಗೆ ಕಾಲಿಟ್ಟೆ. ಆತುರವಿಲ್ಲದೆ ಲೇಸು ಕಟ್ಟಿ, ಎದ್ದು, ಅವರ ಮುಂದೆಯೇ ಟೆರೇಸಿನವರೆಗೆ ಹತ್ತಿ ಇಳಿದೆ. ದಬ ದಬ.

ಯಜಮಾನರು ಪೇಪರ್ ಮಡಚಿಕೊಂಡು ಕೆಳಗೆ ಹೋಗಿಬಿಟ್ಟರು. ಸರೋಜಮ್ಮ ಬಹಳ ಹೊತ್ತು ಬೂಟನ್ನೇ ನೋಡಿದರು. ಬೈಯುತ್ತಾರೆಂದು ಕಾದೆ.

"ನೋವಾಗಲ್ವಾ?" ಎಂದರು.

"ಇಲ್ಲ ಆಂಟಿ. ಒಂಚೂರೂ ಇಲ್ಲ."

ಅವರು ಮೆಲ್ಲಗೆ ಚಪ್ಪಲಿಯಿಂದ ಬಲಗಾಲು ಹೊರತೆಗೆದರು. ಕಿರುಬೆರಳಿಗೆ ಬಟ್ಟೆ ಸುತ್ತಿತ್ತು. "ನಂದೂ ದೊಡ್ಡ ಕಾಲೇ ಮೇಡಂ. ಆ ಅಂಗಡಿ ಎಲ್ಲಿ ಬರುತ್ತೆ?"

ಅಂಗಡಿಯ ಗುರುತು ಹೇಳಿ, ಅವತ್ತು ಆ ಬೂಟಿನಲ್ಲೇ ಕೆರೆಗೆ ಹೋದೆ. ಗೆಳತಿಯರು ಎಂದಿನಂತೆ ಬ್ಯಾಗುಗಳನ್ನು ನನ್ನ ಕಡೆ ಚಾಚಿದರು. ನಾನು ನನ್ನದನ್ನೂ ಅವುಗಳ ಜೊತೆ ಬೆಂಚಿನ ಮೇಲಿಟ್ಟು ನಡೆಯತೊಡಗಿದೆ. "ಏಯ್, ಬ್ಯಾಗ್ ಯಾರೇ ಕಾಯೋದು?" ಎಂದು ಹಿಂದಿನಿಂದ ಶಹನಾಜ್ ಕೂಗಿದಳು. ನಾನು ತಿರುಗಿ ನೋಡಲಿಲ್ಲ. ದಂಡೆಯ ಆ ತುದಿ ಮುಟ್ಟಿ, ನಿಲ್ಲದೆ ವಾಪಸ್ ಬಂದೆ. ಬಂದಾಗ ನನಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದವರು ನನ್ನ ಹಿಂದೆ ನಡೆದುಬಂದ ಅವರೇ. ನನಗೆ ಇನ್ನೊಂದು ಸಲ ಹೋಗಿ ಬರುವಷ್ಟು ಖುಷಿಯಾಗಿತ್ತು. ಹೋಗಿಯೂ ಬಂದೆ.

ಮನೆಗೆ ಬಂದವಳೇ ಹಳೆಯ ಶೂ ಎತ್ತಿ, ಜೇಡಕ್ಕೆ ಬೇರೆ ಮನೆ ನೋಡಿಕೊಳ್ಳಲು ಹೇಳಿ, ಕಸದ ಗಾಡಿಗೆ ಹಾಕಿದೆ. ಇಲ್ಲದ ಗಂಡಸಿಗೆ ಇಷ್ಟು ವರ್ಷ ಸರಿಯಾದ ಸೈಜಿನ ಶೂ ಇಟ್ಟಿದ್ದ ಮನೆಯಲ್ಲಿ, ಇರುವ ಹೆಂಗಸಿಗೆ ಯಾಕೆ ಇರಲಿಲ್ಲ?

ಕೆ.ಆರ್. ಪುರದಲ್ಲಿ ತಮ್ಮನ ಜೊತೆ ಇರುವ ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವರಿಗೆ ಗಾಬರಿ. "ಎಸೆದ್ಬಿಟ್ಯಾ? ಬಾಗಿಲಲ್ಲಿ ಗಂಡಸಿನದ್ದು ಅಂತ ಒಂದು ಇರ್ಬೇಕಮ್ಮಾ. ಕಳ್ಳ ಬಂದ್ರೆ ಒಳಗೆ ಗಂಡಸಿದಾನೆ ಅಂತ ಹೆದರ್ಕೋತಾನೆ."

"ಗಂಡಸಿನದ್ದೇ ಇದೆಯಮ್ಮ, ಹೊಸದು," ಎಂದೆ. "ಕಳ್ಳ ಬಂದ್ರೆ ಅದನ್ನ ಹಾಕ್ಕೊಳ್ಳೋ ಹೆಂಗಸು ಒಳಗಿದ್ದಾಳೆ ಅಂತ ಹೆದರ್ಕೊಳ್ಳಲಿ."