ಎರಡು ಸಲ ಹಾಂ

ಫೋನಿನಲ್ಲಿ ನಾನು ಒಮ್ಮೆಯೂ "ಹಾಂ" ಅನ್ನುವುದಿಲ್ಲವೆಂದು ನೀವು ಮೊಮ್ಮಕ್ಕಳು ನಗುತ್ತೀರಿ. "ಅಜ್ಜಿ, ನಾವು ಗೋಡೆಯ ಹತ್ರ ಮಾತಾಡುದಾ ಎಂತ?" ಎಂದು ಸುಳ್ಯದಿಂದ ಗದರಿಸುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಕೈಯಲ್ಲಿದೆ, ಅದರಲ್ಲಿ ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡು, ನಿಮ್ಮ ಅಮ್ಮನಿಗೆ ಮದುವೆಯಾದ ಮೇಲೆ ಕೊಲ್ಲಮೊಗ್ರಿನ ಮನೆಯಲ್ಲಿ ನಾನು ಮತ್ತು ನನ್ನ ಅಮ್ಮ ಇಬ್ಬರೇ ಇದ್ದೆವು. ನಾನು ಬೀಡಿ ಕಟ್ಟುತ್ತಿದ್ದೆ, ಅಮ್ಮ ಪಕ್ಕದಲ್ಲಿ ಕೂತು ಎಲೆ ಕತ್ತರಿಸಿ ಕೊಡುತ್ತಿದ್ದರು. ಮಾತು ಕಡಿಮೆ. ಆ ಕತ್ತರಿಯ ಸದ್ದು ಕೇಳುತ್ತಿದ್ದರೆ ನನಗೆ ಸಾಕಿತ್ತು.

ನನ್ನ ತಮ್ಮ ಮಸ್ಕತ್ತಿನಲ್ಲಿದ್ದ. ಸಣ್ಣವನಿರುವಾಗ ನಾನೇ ಸೊಂಟದಲ್ಲಿ ಎತ್ತಿಕೊಂಡು ತಿರುಗಿದವಳು. ವಾರಕ್ಕೊಮ್ಮೆ ನೆಟ್ ಕಾಲ್ ಮಾಡುತ್ತಿದ್ದ. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅಂಗಳದ ಕೊನೆಯಲ್ಲಿ ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತರೆ ಎರಡು ಕಡ್ಡಿ. ಅಲ್ಲಿಯೂ ಅವನ ಮಾತು ತುಂಡು ತುಂಡಾಗಿ, ತಡವಾಗಿ ಬರುತ್ತಿತ್ತು. ನಾನು ಸುಮ್ಮನೆ ಕೇಳುತ್ತ ನಿಂತರೆ ಲೈನ್ ಹೋಯಿತೆಂದು ಅವನು ಕಟ್ ಮಾಡಿಬಿಡುತ್ತಿದ್ದ. ಕೊನೆಗೆ ಅವನೇ ಒಂದು ಉಪಾಯ ಕಲಿಸಿದ.

"ಅಕ್ಕ, ನನ್ನ ಸ್ವರ ಬಂದಾಗೆಲ್ಲ ಎರಡು ಸಲ ಹಾಂ ಹಾಂ ಹೇಳು. ಅರ್ಥ ಆಗ್ಬೇಕು ಅಂತ ಇಲ್ಲ. ಲೈನ್ ಉಂಟು ಅಂತ ನಂಗೆ ಗೊತ್ತಾದ್ರೆ ಆಯ್ತು."

ಅಂದಿನಿಂದ ಕಲ್ಲಿನ ಮೇಲೆ ನಿಂತು ಹಾಂ ಹಾಂ ಎನ್ನುವುದೇ ನನ್ನ ಮಾತಾಯಿತು. "ಎಂತ ಮಾರಾಯ್ತಿ, ಯಾರ ಹರಿಕಥೆ ಕೇಳುದು ನೀನು ಅಲ್ಲಿ?" ಎಂದು ನೆರೆಮನೆಯವಳು ಬೇಲಿಯಾಚೆಯಿಂದ ಕೀಟಲೆ ಮಾಡುತ್ತಿದ್ದಳು.

ಅಮ್ಮನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಪುತ್ತೂರಿನಲ್ಲಿ. ತಮ್ಮನ ಹೆಂಡತಿ ಎರಡು ಸಣ್ಣ ಮಕ್ಕಳ ಜೊತೆ ಅಲ್ಲೇ ಬಾಡಿಗೆ ಮನೆಯಲ್ಲಿದ್ದಳು. ಒಂದು ತಿಂಗಳು ಅಲ್ಲಿ ನಿಂತು ಬರುವುದೆಂದಾಯಿತು. ಬಸ್ಸು ಹತ್ತುವಾಗ ಅಮ್ಮ, "ನನ್ನ ಕತ್ತರಿ ಯಾರಿಗೂ ಕೊಡ್ಬೇಡ. ಕಣ್ಣು ಸರಿಯಾದ ಮೇಲೆ ಒಂದು ಎಲೆಯೂ ಹಾಳು ಮಾಡುದಿಲ್ಲ, ನೋಡು" ಎಂದರು.

ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ತಮ್ಮನ ಕಾಲ್ ಬಂತು. ಆ ದಿನ ಪುತ್ತೂರಿನ ಫೋನನ್ನೂ ಅದೇ ಕಾಲ್‌ಗೆ ಸೇರಿಸಿದ್ದನಂತೆ. ನನಗದು ಗೊತ್ತಿರಲಿಲ್ಲ. ಕಲ್ಲಿನ ಮೇಲೆ ನನಗೆ ಕೇಳಿದ್ದು "ಅಕ್ಕ... ಅಮ್ಮ... ಮಕ್ಕಳು..." ಇಷ್ಟೇ. ಎಂದಿನ ಹಾಗೆ "ಹಾಂ, ಹಾಂ" ಎಂದೆ. ಲೈನ್ ಹೋಯಿತು.

ಭಾನುವಾರ ಅಮ್ಮನನ್ನು ಕರೆದುಕೊಂಡು ಬರಲು ಹೋದೆ. ತಮ್ಮನ ಹೆಂಡತಿ ಬಾಗಿಲಲ್ಲೇ ಆಶ್ಚರ್ಯಪಟ್ಟಳು. "ಎಂತ ಅತ್ತಿಗೆ, ಅತ್ತೆ ಇನ್ನು ಇಲ್ಲೇ ಇರುದಲ್ವಾ? ಇವರು ಕೇಳಿದಾಗ ನೀವೇ ಹಾಂ ಹೇಳಿದ್ರಲ್ಲ!"

ಒಳಗೆ ಅಮ್ಮ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು ಕೂತಿದ್ದರು. ಹೊಸ ಕಣ್ಣಿನಿಂದ ನನ್ನನ್ನು ಚೆನ್ನಾಗಿ ನೋಡಿದರು.

"ನಿನಗೆ ನಾನು ಭಾರ ಆಗಿದ್ರೆ ಮೊದಲೇ ಹೇಳ್ಬಹುದಿತ್ತು ಮಗಾ."

"ನನಗೆ ಕೇಳ್ಲೇ ಇಲ್ಲ ಅಮ್ಮ. ಅದು ಲೈನಿಗೆ ಹೇಳಿದ್ದು."

"ಒಂದು ಸಲ ಆದ್ರೆ ಬಾಯಿ ತಪ್ಪಿ ಬಂತು ಅಂತ ಎಣಿಸ್ತಿದ್ದೆ. ನೀನು ಎರಡು ಸಲ ಹೇಳಿದೆ. ನಾನೇ ಕೇಳಿದ್ದೇನೆ."

ಎರಡು ಸಲ ಯಾಕೆಂದು ತಿಳಿದವನು ಒಬ್ಬನೇ. ಅವನ ಹೆಂಡತಿಯ ಫೋನಿನಿಂದ ಅವನಿಗೆ ಕಾಲ್ ಮಾಡಿಸಿದೆ. ಪುತ್ತೂರಿನಲ್ಲಿ ಅವನ ಸ್ವರ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ನನಗೆ ಎಷ್ಟು ಸಂತೋಷವಾಗಬೇಕಿತ್ತು.

"ನೀನೇ ಕಲಿಸಿದ್ದಲ್ವಾ ತಮ್ಮಾ, ಲೈನ್ ಉಂಟು ಅಂತ ಹೇಳ್ಲಿಕ್ಕೆ?" ಎಂದೆ.

ಅವನು ಮಾತು ತಿರುಗಿಸಿದ.

"ಅವಳಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ ಅಕ್ಕ. ಮಕ್ಕಳನ್ನು ನೋಡ್ಲಿಕ್ಕೆ ಜನ ಬೇಕಲ್ಲ. ನೇರ ಕೇಳಿದ್ರೆ ನೀನು ಬಿಡ್ತಿದ್ಯಾ?"

"ಬಿಡ್ತಿದ್ದೆನೋ ಇಲ್ವೋ, ಕೇಳ್ಬೇಕಿತ್ತು. ಹೋಗ್ಲಿ, ಅಮ್ಮನಿಗೆ ಒಂದು ಮಾತು ಹೇಳು. ಅಕ್ಕ ಒಪ್ಪಿದ್ದಲ್ಲ, ನಾನು ಹಾಗೆ ಮಾಡಿದ್ದು ಅಂತ."

"ಹಾಂ, ಹಾಂ" ಎಂದ.

ನಾನು ಫೋನನ್ನು ಅಮ್ಮನ ಕಡೆಗೆ ಚಾಚುವಷ್ಟರಲ್ಲಿ ಕಟ್ ಆಗಿತ್ತು. ಅಲ್ಲಿ ನಾಲ್ಕೂ ಕಡ್ಡಿ ಇದ್ದವು.

ಜಗಳವಾಡಿ ಗೊತ್ತಿಲ್ಲದವಳು ನಾನು. ಸಂಜೆಯ ಬಸ್ಸಿಗೆ ಒಬ್ಬಳೇ ಬಂದೆ. ಅಮ್ಮ ಎರಡು ವರ್ಷ ಅಲ್ಲೇ ಇದ್ದರು, ಅಲ್ಲೇ ತೀರಿಕೊಂಡರು. ನಾನು ಹೋದಾಗೆಲ್ಲ ಊಟ ಬಡಿಸುತ್ತಿದ್ದರು, ನೆಂಟರಿಗೆ ಬಡಿಸಿದ ಹಾಗೆ. ಒಮ್ಮೆ ಕತ್ತರಿಯನ್ನು ತೆಗೆದುಕೊಂಡು ಹೋಗಿ ತೋರಿಸಿದೆ. "ನೀನೇ ಇಟ್ಟುಕೋ, ನಿಂಗೆ ಬೇಕಾಗ್ತದೆ" ಎಂದರು. ತಮ್ಮ ಆ ಮಾತನ್ನು ಹೇಳಿದನೇ ಎಂದು ಕೇಳಿದೆ. "ಯಾವ ಮಾತು?" ಎಂದರು.

ತಮ್ಮ ಈಗಲೂ ಕಾಲ್ ಮಾಡುತ್ತಾನೆ. ಈಗ ನಮ್ಮ ಮನೆಯೊಳಗೇ ನೆಟ್‌ವರ್ಕ್ ಬರುತ್ತದೆ, ಕಲ್ಲು ಹತ್ತಬೇಕಾಗಿಲ್ಲ. ನಾನು ಫೋನ್ ತೆಗೆದು ಕಿವಿಗೆ ಹಿಡಿಯುತ್ತೇನೆ. "ಅಕ್ಕ, ಕೇಳ್ತದಾ? ಹಲೋ, ಅಕ್ಕ, ಲೈನ್ ಉಂಟಾ?" ಎಂದು ಕೂಗುತ್ತಾನೆ. ಸ್ವಲ್ಪ ಹೊತ್ತು ಕಾದು, "ನಿಮ್ಮ ಊರಿನ ನೆಟ್‌ವರ್ಕ್ ಯಾವತ್ತೂ ಹೀಗೇ" ಎಂದು ಇಟ್ಟುಬಿಡುತ್ತಾನೆ.

ಅವನ ಪ್ರತಿಯೊಂದು ಮಾತೂ ನನಗೆ ಕೇಳಿಸುತ್ತದೆ.